ಸೇನಾ ಆಸ್ಪತ್ರೆಯಲ್ಲಿ ಇನ್ನೊಂದು ‘ಓ.ಟಿ.’

ಪಾರ್ಶ್ವವಾಯು ಬಡಿದು ಆರು ತಿಂಗಳಾಗಿದ್ದ ನಿವೃತ್ತ ಹವಾಲ್ದಾರರೊಬ್ಬರನ್ನು ಅವರ ಸೊಸೆ ನನ್ನ ಬಳಿ ಕರೆತಂದಿದ್ದರು. ಕೋಲು ಹಿಡಿದು ಗೇಟಿನಿಂದ ಒಳಗೆ ತಾವೇ ನಡೆದು ಬಂದರು. ರಕ್ತದೊತ್ತಡ ಹತೋಟಿಯಲ್ಲಿತ್ತು, ಸಕ್ಕರೆಯೂ ಸರಿಯಾಗಿತ್ತು. ನನಗೆ ಸಮಾಧಾನವಾಯಿತು. ಹಳೆಯ ಮಾತ್ರೆಗಳನ್ನೇ ಮುಂದುವರಿಸಲು ಬರೆದು, ಕೆಳಗೆ ‘ಫಿಸಿಯೋಥೆರಪಿ ಮುಂದುವರಿಯಲಿ’ ಎಂದು ಸೇರಿಸಿ ಚೀಟಿಯನ್ನು ಸೊಸೆಯ ಕೈಗಿತ್ತೆ. ಆಕೆ ಏಳಲಿಲ್ಲ.

“ಡಾಕ್ಟ್ರೇ, ಮಾವ ನಡೀತಾರೆ, ನಿಜ. ಆದ್ರೆ ಸ್ನಾನ ಈಗ್ಲೂ ನಾವೇ ಮಾಡಿಸ್ಬೇಕು. ಇವರು ಡ್ಯೂಟಿಗೆ ಹೋದ ದಿನ ನಾನೇ ಮಾಡಿಸ್ತೀನಿ. ಅವರಿಗೂ ನಾಚಿಕೆ, ನನಗೂ ಸಂಕಟ. ಅಂಗಿ ಹಾಕ್ಕೊಳ್ಳೋಕೆ ಬರಲ್ಲ. ಊಟಕ್ಕೆ ಕೂತರೆ ಅರ್ಧ ಹಾಗೇ ಬಿಡ್ತಾರೆ. ಗಡ್ಡಾನೂ ಅರ್ಧ ಕೆರೆದು ಎದ್ದುಬಿಡ್ತಾರೆ. ಬುದ್ಧಿ ಮಂಕಾಗ್ತಾ ಇದೆಯಾ?”

ಹವಾಲ್ದಾರರ ಮುಖವನ್ನು ಆಗ ಸರಿಯಾಗಿ ನೋಡಿದೆ. ಬಲಗೆನ್ನೆ ನುಣ್ಣಗಿತ್ತು. ಎಡಗೆನ್ನೆಯಲ್ಲಿ ನಾಲ್ಕು ದಿನದ ಬಿಳಿ ಗಡ್ಡ. ಇಪ್ಪತ್ತು ವರ್ಷಕ್ಕೂ ಮೇಲೆ ದಿನಾ ಬೆಳಿಗ್ಗೆ ಕ್ಷೌರ ಮಾಡಿಕೊಂಡು ಕವಾಯತಿಗೆ ನಿಂತ ಮನುಷ್ಯ. ನಾನು ಅವರನ್ನು ಮೂರು ಸಲ ಪರೀಕ್ಷಿಸಿದ್ದೆ. ಮೂರು ಸಲವೂ ಕಾಲಿನ ಬಲ ನೋಡಿದೆ, ಕೈಯ ಬಲ ನೋಡಿದೆ. ‘ಅಂಗಿ ಯಾರು ಹಾಕಿಸುತ್ತಾರೆ?’ ಎಂದು ಒಮ್ಮೆಯೂ ಕೇಳಲಿಲ್ಲ. ತಪ್ಪು ನನ್ನದೇ. ಅವರಿಗೆ ಬೇಕಾಗಿದ್ದುದು ಆಕ್ಯುಪೇಶನಲ್ ಥೆರಪಿಸ್ಟ್. ಆ ಶಬ್ದ ನನ್ನ ಯಾವ ಚೀಟಿಯಲ್ಲೂ ಇರಲಿಲ್ಲ.

ಹೊಸ ಚೀಟಿ ಹಿಡಿದು ಅವರು ಸೇನಾ ಆಸ್ಪತ್ರೆಗೆ ಹೋದರು. ನಾನು ಅದರಲ್ಲಿ ಸಂಕ್ಷಿಪ್ತವಾಗಿ ‘ಓ.ಟಿ.ಗೆ ಕಳುಹಿಸಿದೆ’ ಎಂದು ಬರೆದಿದ್ದೆ. ಬಾಗಿಲಲ್ಲಿ ಕೇಳಿದಾಗ ಯಾರೋ ಎರಡನೇ ಮಹಡಿಗೆ ಕೈ ತೋರಿಸಿದರು. ಅಲ್ಲಿಗೆ ಹೋದರೆ ಅದು ಆಪರೇಷನ್ ಥಿಯೇಟರ್! ಮಾವನಿಗೆ ಶಸ್ತ್ರಚಿಕಿತ್ಸೆ ಬರೆದಿದ್ದಾರೆಂದು ಸೊಸೆ ಗಾಬರಿಬಿದ್ದು ಅಲ್ಲಿಂದಲೇ ನನಗೆ ಫೋನ್ ಮಾಡಿದರು. ಎರಡಕ್ಕೂ ಒಂದೇ ಸಂಕ್ಷಿಪ್ತ ಹೆಸರು ಇರುವುದರಿಂದ ಆಸ್ಪತ್ರೆಯವರೇ ಗೊಂದಲಪಡುತ್ತಾರೆ, ಜನಸಾಮಾನ್ಯರ ಪಾಡೇನು? ಆದ್ದರಿಂದ ಮೊದಲ ಸಲಹೆ ಇದು: ಚೀಟಿಯಲ್ಲಿ ‘ಆಕ್ಯುಪೇಶನಲ್ ಥೆರಪಿ’ ಎಂದು ಪೂರ್ತಿ ಬರೆಸಿಕೊಳ್ಳಿ.

ಹಾಗೆಂದರೇನು?

ಇದಕ್ಕೆ ಕನ್ನಡದಲ್ಲಿ ಔದ್ಯೋಗಿಕ ಚಿಕಿತ್ಸೆ, ವೃತ್ತಿ ಚಿಕಿತ್ಸೆ ಎಂಬ ಹೆಸರುಗಳಿವೆ. ಎರಡೂ ಸ್ವಲ್ಪ ದಾರಿ ತಪ್ಪಿಸುತ್ತವೆ. ‘ಅಪ್ಪ ರಿಟೈರ್ ಆಗಿದ್ದಾರೆ, ಇನ್ನೆಂಥ ಉದ್ಯೋಗ?’ ಎಂದು ಕೇಳಿದವರಿದ್ದಾರೆ. ಇಲ್ಲಿ ‘ಆಕ್ಯುಪೇಶನ್’ ಎಂದರೆ ಸಂಬಳದ ಕೆಲಸವಲ್ಲ. ಮನುಷ್ಯ ಬೆಳಗಿನಿಂದ ರಾತ್ರಿಯವರೆಗೆ ಮಾಡುವ ಎಲ್ಲ ಕೆಲಸವೂ ಅದರಲ್ಲಿ ಸೇರುತ್ತದೆ. ಹಲ್ಲುಜ್ಜುವುದು, ಶೌಚಕ್ಕೆ ಹೋಗಿ ಬರುವುದು, ಪಂಚೆ ಉಡುವುದು, ತರಕಾರಿ ಹೆಚ್ಚುವುದು, ಮಗು ಪೆನ್ಸಿಲ್ ಹಿಡಿಯುವುದು, ಸಿಪಾಯಿ ಬಂದೂಕು ಬಿಚ್ಚಿ ಜೋಡಿಸುವುದು. ಕಾಯಿಲೆ ಅಥವಾ ಗಾಯದಿಂದ ಇವು ತಪ್ಪಿಹೋದಾಗ, ಅವುಗಳನ್ನು ಮತ್ತೆ ಮಾಡುವ ದಾರಿ ಹುಡುಕಿಕೊಡುವವರು ಆಕ್ಯುಪೇಶನಲ್ ಥೆರಪಿಸ್ಟ್. ದಾರಿ ಎಂದರೆ ಯಾವಾಗಲೂ ಕೈ ಸರಿಹೋಗುವುದೇ ಅಲ್ಲ. ಒಮ್ಮೊಮ್ಮೆ ಕೈ ಸರಿಹೋಗದೆಯೇ ಕೆಲಸ ಸಾಗುವಂತೆ ಮಾಡುವುದೂ ದಾರಿಯೇ.

ಫಿಸಿಯೋಥೆರಪಿಗೂ ಇದಕ್ಕೂ ಏನು ವ್ಯತ್ಯಾಸವೆಂದು ಕೇಳುತ್ತೀರಿ. ಇಬ್ಬರ ಕೆಲಸವೂ ಅಲ್ಲಲ್ಲಿ ಒಂದರ ಮೇಲೊಂದು ಬರುತ್ತದೆ, ಇಬ್ಬರೂ ಜೊತೆಯಾಗಿ ಕೆಲಸ ಮಾಡಿದರೇ ಒಳ್ಳೆಯದು. ಸ್ಥೂಲವಾಗಿ ಹೇಳುವುದಾದರೆ, ಸ್ನಾಯುವಿನ ಬಲ, ಕೀಲಿನ ಚಲನೆ, ನಡಿಗೆ, ನೋವು ಇವು ಫಿಸಿಯೋಥೆರಪಿಸ್ಟರ ಮುಖ್ಯ ಕ್ಷೇತ್ರ. ಆ ಬಲ, ಆ ಚಲನೆ ಬಚ್ಚಲುಮನೆಯಲ್ಲಿ, ಅಡುಗೆಮನೆಯಲ್ಲಿ ಕೆಲಸಕ್ಕೆ ಬರುತ್ತಿದೆಯೇ ಎಂಬುದು ಆಕ್ಯುಪೇಶನಲ್ ಥೆರಪಿಸ್ಟರ ಚಿಂತೆ. ನಮ್ಮ ಹವಾಲ್ದಾರರು ಬಚ್ಚಲಿನವರೆಗೆ ನಡೆಯಬಲ್ಲವರಾಗಿದ್ದರು. ಒಳಗೆ ಹೋದ ಮೇಲೆ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ.

ಸೇನೆಗೂ ಇದಕ್ಕೂ ನಂಟು ಹಳೆಯದು

ಈ ವೃತ್ತಿ ಬೆಳೆದದ್ದೇ ಸೇನಾ ಆಸ್ಪತ್ರೆಗಳಲ್ಲಿ ಎಂದರೂ ತಪ್ಪಾಗದು. ಅಮೆರಿಕದಲ್ಲಿ ಇದಕ್ಕಾಗಿ ಮೊದಲ ಸಂಘ ಹುಟ್ಟಿದ್ದು 1917ರ ಮಾರ್ಚ್‌ನಲ್ಲಿ, ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನಲ್ಲಿ. ಮುಂದಿನ ತಿಂಗಳೇ ಆ ದೇಶ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಕೈಕಾಲು ಕಳೆದುಕೊಂಡವರು, ಶೆಲ್ ಸಿಡಿತದ ಆಘಾತದಿಂದ ಮಾತು ನಿಂತವರು, ನಡುಕ ಹತ್ತಿದವರು ಆಸ್ಪತ್ರೆ ತುಂಬಿದರು. ಅವರಿಗಾಗಿ ‘ರಿಕನ್‌ಸ್ಟ್ರಕ್ಷನ್ ಏಡ್ಸ್’ ಎಂಬ ಹೆಸರಿನ ಮಹಿಳೆಯರನ್ನು ತರಬೇತಿ ಕೊಟ್ಟು 1918ರಲ್ಲಿ ಫ್ರಾನ್ಸಿಗೂ ಕಳಿಸಿದರು. ಅವರು ಸಮವಸ್ತ್ರ ಧರಿಸುತ್ತಿದ್ದರು, ಆದರೆ ಸೇನೆಯ ಹುದ್ದೆ ಅವರಿಗಿರಲಿಲ್ಲ. ಮರಗೆಲಸ, ನೇಯ್ಗೆ, ಬುಟ್ಟಿ ಹೆಣೆಯುವುದು ಇವೇ ಅವರ ಔಷಧ. ಹಾಸಿಗೆ ಹಿಡಿದ ಸೈನಿಕನ ಕೈಗೂ ಮನಸ್ಸಿಗೂ ಒಂದೇ ಬಾರಿಗೆ ಕೆಲಸ ಸಿಗುತ್ತಿತ್ತು. ಆ ವೃತ್ತಿಯವರಿಗೆ ಅಲ್ಲಿನ ಸೇನೆಯಲ್ಲಿ ಅಧಿಕಾರಿಗಳ ಸ್ಥಾನ ಸಿಕ್ಕಿದ್ದು 1947ರಲ್ಲಿ. ಪುರುಷರಿಗೂ ಆ ದಳದ ಬಾಗಿಲು ತೆರೆದದ್ದು 1955ರಲ್ಲಿ.

ಈಗ ಅಲ್ಲಿನ ವ್ಯವಸ್ಥೆ ನೋಡಿ. ದೊಡ್ಡ ಸೇನಾ ನೆಲೆಗಳಲ್ಲಿ ‘ಆರ್ಮಿ ಕಮ್ಯುನಿಟಿ ಹಾಸ್ಪಿಟಲ್’ ಎಂಬ ಆಸ್ಪತ್ರೆಗಳಿವೆ. ಕೆಂಟಕಿ-ಟೆನೆಸ್ಸೀ ಗಡಿಯ ಫೋರ್ಟ್ ಕ್ಯಾಂಪ್‌ಬೆಲ್‌ನಲ್ಲಿರುವ ಬ್ಲಾಂಚ್‌ಫೀಲ್ಡ್ ಆಸ್ಪತ್ರೆ, ಕಾನ್ಸಾಸ್‌ನ ಫೋರ್ಟ್ ರೈಲಿಯಲ್ಲಿರುವ ಅರ್ವಿನ್ ಆಸ್ಪತ್ರೆ ಇಂಥವು. ಸೈನಿಕರಷ್ಟೇ ಅಲ್ಲ, ಅವರ ಹೆಂಡತಿ ಮಕ್ಕಳು, ನಿವೃತ್ತರು ಎಲ್ಲರೂ ಅಲ್ಲಿಗೇ ಬರುತ್ತಾರೆ. ಟ್ರೈಕೇರ್ ಎಂಬ ಆರೋಗ್ಯ ಯೋಜನೆಯ ‘ಪ್ರೈಮ್’ ವಿಭಾಗದಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಮೊದಲ ಹಂತದ ವೈದ್ಯರನ್ನು ಗೊತ್ತುಮಾಡಿರುತ್ತಾರೆ. ಆಕ್ಯುಪೇಶನಲ್ ಥೆರಪಿ ಬೇಕಾದವರು ಸಾಮಾನ್ಯವಾಗಿ ಆ ವೈದ್ಯರ ಮೂಲಕವೇ ಹೋಗಬೇಕು. ತಜ್ಞರ ಸೇವೆ 28 ದಿನಗಳ ಒಳಗೆ ಸಿಗಬೇಕೆಂಬುದು ಆ ಯೋಜನೆಯ ನಿಯಮ. ಆಸ್ಪತ್ರೆಯಲ್ಲಿ ಜಾಗವಿಲ್ಲದಿದ್ದರೆ ಹೊರಗಿನ ಚಿಕಿತ್ಸಕರಿಗೆ ಕಳಿಸುತ್ತಾರೆ. ಅಲ್ಲಿನ ಸೇನೆಯಲ್ಲಿ ನಿಮ್ಮ ಮಗನೋ ಅಳಿಯನೋ ಇದ್ದರೆ ಇದು ಗೊತ್ತಿರಲಿ. ಅಲ್ಲಿಯೂ ಕೀಲಿಕೈ ಇರುವುದು ಮೊದಲ ಹಂತದ ವೈದ್ಯರ ಚೀಟಿಯಲ್ಲೇ, ಇಲ್ಲಿಯೂ ಅಷ್ಟೇ. ನನ್ನಂಥವನು ಬರೆಯಲು ಮರೆತರೆ ಎರಡೂ ಕಡೆ ರೋಗಿ ಬಾಗಿಲ ಹೊರಗೇ ಉಳಿಯುತ್ತಾನೆ.

ಭಾರತದಲ್ಲಿ ಈ ವೃತ್ತಿಯ ಶಿಕ್ಷಣ ಶುರುವಾದದ್ದು 1950ರಲ್ಲಿ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ. ಅದರ ಹಿಂದಿದ್ದವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಹುಟ್ಟಿ, ಭಾರತೀಯರನ್ನು ಮದುವೆಯಾಗಿ ಇಲ್ಲಿಯವರೇ ಆದವರು. 1952ರಲ್ಲಿ ವಿಶ್ವ ಒಕ್ಕೂಟ ಸ್ಥಾಪನೆಯಾದಾಗ ಅದರ ಹತ್ತು ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು. ಸೈನಿಕರ ಪುನರ್ವಸತಿಯ ಕೆಲಸವಂತೂ ಅದಕ್ಕಿಂತ ಹಳೆಯದು. ಗಾಯಾಳು ಸೈನಿಕರಿಗೆ ಕಸುಬು ಕಲಿಸಲು 1917ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಮುಂದೆ ಪುಣೆಯ ಖಡ್ಕಿಗೆ ಹೋಯಿತು. ಪುಣೆಯ ಕೃತಕ ಅಂಗಾಂಗ ಕೇಂದ್ರ 1944ರದು. ಬೆನ್ನುಹುರಿಗೆ ಪೆಟ್ಟಾದ ಯೋಧರ ಪುನರ್ವಸತಿ ಕೇಂದ್ರ ಖಡ್ಕಿಯಲ್ಲಿ 1974ರಿಂದ ಇದೆ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಮುರಳೀಕಾಂತ ಪೇಟ್ಕರ್ 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದ ಕಥೆ ನೀವು ಕೇಳಿರಬಹುದು.

ಎಲ್ಲಿ, ಹೇಗೆ ಹುಡುಕುವುದು?

ಕೊಡಗು, ಹಾಸನ, ಬೆಳಗಾವಿ ಕಡೆಯ ಎಷ್ಟೋ ಮನೆಗಳಲ್ಲಿ ಸೇನೆಯ ನಂಟಿದೆ. ಆದರೂ ‘ಮಿಲಿಟರಿ ಆಸ್ಪತ್ರೆಯಲ್ಲಿ ಎಲ್ಲ ಇರುತ್ತೆ, ಅವರೇ ನೋಡ್ಕೋತಾರೆ’ ಎಂಬ ನಂಬಿಕೆ ಹಲವರದು. ಎಲ್ಲ ಸೇನಾ ಆಸ್ಪತ್ರೆಗಳೂ ಒಂದೇ ಅಳತೆಯವಲ್ಲ. ಸಣ್ಣ ಆಸ್ಪತ್ರೆಯಲ್ಲಿ ಸಾಮಾನ್ಯ ಚಿಕಿತ್ಸೆ ಸಿಗುತ್ತದೆ, ಹೆಚ್ಚಿನದಕ್ಕೆ ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ನಮ್ಮ ರಾಜ್ಯದಲ್ಲಿ ಬೆಳಗಾವಿಯ ಮಿಲಿಟರಿ ಆಸ್ಪತ್ರೆ, ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆ, ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆ ಇವೆ. ಇವುಗಳಲ್ಲಿ ದೊಡ್ಡದು ಬೆಂಗಳೂರಿನದು. ನಿಮಗೆ ಹತ್ತಿರದ ಆಸ್ಪತ್ರೆಯಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್ ಇದ್ದಾರೆಯೇ ಎಂಬುದನ್ನು ಹೊರಡುವ ಮೊದಲೇ ಫೋನ್ ಮಾಡಿ ಕೇಳಿ. ಲಕ್ವ ಹೊಡೆದವರನ್ನು ಇನ್ನೂರು ಕಿಲೋಮೀಟರ್ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ‘ಇಲ್ಲಿ ಆ ವಿಭಾಗವಿಲ್ಲ’ ಎಂಬ ಉತ್ತರ ಕೇಳುವುದು ಬೇಡ.

ಫೋನಿನಲ್ಲಿ ‘ಓ.ಟಿ. ಇದೆಯಾ?’ ಎನ್ನಬೇಡಿ. ‘ಇದೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದಾರು! ಫಿಸಿಯೋಥೆರಪಿ ವಿಭಾಗಕ್ಕೆ ಕೊಡಿ ಎನ್ನಿ. ದೊಡ್ಡ ಆಸ್ಪತ್ರೆಯಾದರೆ ‘ಫಿಸಿಕಲ್ ಮೆಡಿಸಿನ್ ಮತ್ತು ರಿಹ್ಯಾಬಿಲಿಟೇಷನ್’ ವಿಭಾಗ ಕೇಳಿ. ಆಕ್ಯುಪೇಶನಲ್ ಥೆರಪಿಸ್ಟ್ ಇದ್ದರೆ ಬಹುತೇಕ ಅದೇ ಓಣಿಯಲ್ಲಿ ಕೂರುತ್ತಾರೆ. ಅಲ್ಲಿ ಸಿಗದಿದ್ದರೆ ಮನೋರೋಗ ವಿಭಾಗದಲ್ಲೂ ಮಕ್ಕಳ ವಿಭಾಗದಲ್ಲೂ ವಿಚಾರಿಸಿ. ಈ ಚಿಕಿತ್ಸಕರು ಆ ವಿಭಾಗಗಳಲ್ಲೂ ಕೆಲಸ ಮಾಡುವುದುಂಟು.

ಸೇವೆಯಲ್ಲಿರುವವರಿಗೂ ಅವರ ಕುಟುಂಬದವರಿಗೂ ದಾರಿ ಶುರುವಾಗುವುದು ತಮ್ಮ ಘಟಕದ ವೈದ್ಯಾಧಿಕಾರಿಯಿಂದ, ಅಂದರೆ ಸೈನಿಕರು ‘ಎಂ.ಐ. ರೂಮ್’ ಎನ್ನುವ ಕಡೆಯಿಂದ. ನಿವೃತ್ತರಿಗೆ 2003ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಇ.ಸಿ.ಎಚ್.ಎಸ್. ಯೋಜನೆಯಿದೆ. ಅದರ ಪಾಲಿಕ್ಲಿನಿಕ್‌ಗೆ ಕಾರ್ಡು ತೆಗೆದುಕೊಂಡು ಹೋಗಿ ವೈದ್ಯರನ್ನು ಕಾಣಬೇಕು. ಅವರು ಸೇನಾ ಆಸ್ಪತ್ರೆಗೋ, ಯೋಜನೆಯಲ್ಲಿ ನೋಂದಾಯಿತವಾದ ಖಾಸಗಿ ಆಸ್ಪತ್ರೆಗೋ ಬರೆದುಕೊಡುತ್ತಾರೆ. ಆ ಚೀಟಿಗೆ ಅವಧಿಯಿರುತ್ತದೆ, ದಿನಾಂಕ ನೋಡಿಕೊಳ್ಳಿ. ಕಾರ್ಡು ಕಳೆದಿದ್ದರೆ, ಯೋಜನೆಗೆ ಇನ್ನೂ ಸೇರಿಲ್ಲದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ವಿಚಾರಿಸಿ. (ಆ ಕಾರ್ಡಿನಲ್ಲಿ ಹೆಂಡತಿಗೆ, ಅವಲಂಬಿತ ಮಕ್ಕಳಿಗೆ, ತಂದೆತಾಯಿಗೆ ಜಾಗವುಂಟು. ಮಾವನನ್ನು ದಿನಾ ಎತ್ತಿ ಕೂರಿಸಿ ಸೊಂಟ ಹಿಡಿಸಿಕೊಂಡ ಸೊಸೆಗೆ ಇಲ್ಲ. ಅದು ಬೇರೆಯೇ ಕಥೆ.)

ಚೀಟಿ ಬರೆಯುವ ವೈದ್ಯರಿಗೆ ಸುಮ್ಮನೆ ‘ಕೈ ಸ್ವಾಧೀನವಿಲ್ಲ’ ಎನ್ನಬೇಡಿ. ಏನು ಮಾಡಲು ಆಗುತ್ತಿಲ್ಲ ಎಂಬುದನ್ನು ಹೇಳಿ: ‘ಎಡಗೈಯನ್ನು ಅಂಗಿಯ ತೋಳಿಗೆ ತೂರಿಸಲಾಗುವುದಿಲ್ಲ’, ‘ಕಮೋಡ್‌ನಿಂದ ಏಳಲು ಒಬ್ಬರು ಬೇಕು’. ಬಾರ್ತೆಲ್ ಸೂಚ್ಯಂಕ ಎಂಬ ಅಳತೆಯೊಂದಿದೆ, 1965ರಿಂದ ಬಳಕೆಯಲ್ಲಿರುವುದು. ಊಟ, ಸ್ನಾನ, ಮುಖ ತೊಳೆದು ತಲೆ ಬಾಚುವುದು, ಬಟ್ಟೆ, ಮಲ ಮತ್ತು ಮೂತ್ರದ ಹತೋಟಿ, ಶೌಚಾಲಯದ ಬಳಕೆ, ಹಾಸಿಗೆಯಿಂದ ಕುರ್ಚಿಗೆ ಬರುವುದು, ನಡಿಗೆ, ಮೆಟ್ಟಿಲು ಹತ್ತುವುದು ಹೀಗೆ ಹತ್ತು ಅಂಶಗಳಿಗೆ ಒಟ್ಟು 100 ಅಂಕ. ನೀವೇ ಒಂದು ಹಾಳೆಯಲ್ಲಿ ಈ ಹತ್ತನ್ನು ಬರೆದು, ಪ್ರತಿಯೊಂದರ ಮುಂದೆ ‘ತಾನೇ’, ‘ಸಹಾಯದಿಂದ’, ‘ಆಗದು’ ಎಂದು ಗುರುತು ಹಾಕಿಕೊಂಡು ಹೋಗಿ. ಯಾವ ವೈದ್ಯನಿಗೂ ಅದನ್ನು ಓದಲು ಒಂದು ನಿಮಿಷ ಸಾಕು. ನನಗೆ ಯಾರಾದರೂ ಹಾಗೆ ಬರೆದು ತಂದಿದ್ದರೆ ಹವಾಲ್ದಾರರ ಆರು ತಿಂಗಳು ಉಳಿಯುತ್ತಿತ್ತು.

ಆರು ತಿಂಗಳಿಗೆ ಏಕಿಷ್ಟು ಬೆಲೆ? ಪಾರ್ಶ್ವವಾಯುವಿನ ನಂತರ ಮೆದುಳು ಚೇತರಿಸಿಕೊಳ್ಳುವ ವೇಗ ಮೊದಲ ಮೂರು ತಿಂಗಳಲ್ಲಿ ಹೆಚ್ಚು. ಆಮೇಲೆ ನಿಧಾನವಾಗುತ್ತದೆ. ಅಲ್ಲದೆ ಸ್ವಾಧೀನ ಕಡಿಮೆಯಾದ ಕೈಯನ್ನು ಬಳಸದೇ ಬಿಟ್ಟರೆ, ಅಳಿದುಳಿದ ಶಕ್ತಿಯನ್ನೂ ಬಳಸದಿರುವ ಅಭ್ಯಾಸವೇ ಬಲಿಯುತ್ತದೆ. ಹಾಗೆಂದು ಆರು ತಿಂಗಳು, ವರ್ಷ ದಾಟಿದವರು ಕೈಚೆಲ್ಲಬೇಕಿಲ್ಲ. ಕೈಯ ಬಲ ಹೆಚ್ಚು ಮರಳದಿದ್ದರೂ ಕೆಲಸ ಮಾಡುವ ಬಗೆಯನ್ನು ಯಾವಾಗ ಬೇಕಾದರೂ ಕಲಿಯಬಹುದು.

ಹವಾಲ್ದಾರರಿಗೆ ಏನು ಮಾಡಿದರು?

ಕೊನೆಗೂ ಸರಿಯಾದ ಕೋಣೆ ಸಿಕ್ಕಿತು. ಚಿಕಿತ್ಸಕಿ ಮೊದಲು ಮಾಡಿದ್ದು ಅವರ ಕೈಗೆ ಪೆನ್ಸಿಲ್ ಕೊಟ್ಟು, ಹಾಳೆಯ ತುಂಬ ಇದ್ದ ಗೆರೆಗಳನ್ನೆಲ್ಲ ಅಡ್ಡ ಹೊಡೆಯಿರಿ ಎಂದದ್ದು. ಬಲಗಡೆಯ ಗೆರೆಗಳನ್ನೆಲ್ಲ ಶಿಸ್ತಾಗಿ ಹೊಡೆದರು. ಎಡಗಡೆಯವು ಹಾಗೇ ಉಳಿದವು. ಗಡಿಯಾರ ಬರೆಯಿರಿ ಎಂದರೆ ಹನ್ನೆರಡೂ ಅಂಕಿಗಳನ್ನು ಬಲಗಡೆಗೇ ತುರುಕಿದರು. ಕಣ್ಣಿನ ದೋಷವೂ ಅಲ್ಲ, ಬುದ್ಧಿ ಮಂಕಾಗಿದ್ದೂ ಅಲ್ಲ. ಮೆದುಳಿನ ಬಲಭಾಗಕ್ಕೆ ಪೆಟ್ಟಾದಾಗ ಕೆಲವರಿಗೆ ಎಡಗಡೆಯ ಪ್ರಪಂಚದ ಕಡೆ ಗಮನವೇ ಹೋಗುವುದಿಲ್ಲ. ಎಡಗೆನ್ನೆಯ ಗಡ್ಡ ಉಳಿದದ್ದು ಅದಕ್ಕೆ. ತಟ್ಟೆಯ ಎಡಗಡೆಯ ಪಲ್ಯ, ಕೋಸಂಬರಿ ಉಳಿದದ್ದೂ ಅದಕ್ಕೆ. ‘ಅಡುಗೆ ಸೇರೋದಿಲ್ಲ’ ಎಂದುಕೊಂಡು ಸೊಸೆ ದಿನಕ್ಕೊಂದು ಪಲ್ಯ ಬದಲಾಯಿಸಿ ಮಾಡುತ್ತಿದ್ದಳಂತೆ!

ಇದಕ್ಕೆ ಚಿಕಿತ್ಸಕಿ ಕೊಟ್ಟ ಉಪಾಯಗಳು ನೋಡಲು ಬಹಳ ಸರಳ. ತಟ್ಟೆಯ ಎಡ ಅಂಚಿಗೂ ಕನ್ನಡಿಯ ಎಡ ಅಂಚಿಗೂ ಕೆಂಪು ಟೇಪು ಅಂಟಿಸಿದರು. ಕೆಂಪು ಕಾಣುವವರೆಗೆ ತಲೆ ತಿರುಗಿಸಬೇಕು, ಅಲ್ಲಿಂದ ಬಲಕ್ಕೆ ಬರಬೇಕು. ಪತ್ರಿಕೆ ಓದುವಾಗಲೂ ಹಾಗೆಯೇ, ಸಾಲಿನ ಶುರುವಿಗೆ ಬೆರಳಿಟ್ಟು ಓದಬೇಕು. ಇದನ್ನು ದಿನಾ, ತಿಂಗಳುಗಟ್ಟಲೆ ಮಾಡಬೇಕು. ಒಂದು ವಾರಕ್ಕೆ ಬೇಸತ್ತು ಬಿಡುವವರೇ ಹೆಚ್ಚು. ಮಾಜಿ ಸೈನಿಕರ ವಿಷಯದಲ್ಲಿ ಒಂದು ಅನುಕೂಲವಿದೆ, ‘ಇದು ಆರ್ಡರ್’ ಎಂದು ಹೇಳಿದರೆ ಮಾಡುತ್ತಾರೆ!

ಅಂಗಿ ಹಾಕುವುದಕ್ಕೊಂದು ಕ್ರಮವಿದೆ. ಮನೆಯಲ್ಲಿ ಪಾರ್ಶ್ವವಾಯು ರೋಗಿಗಳಿರುವ ಎಲ್ಲರಿಗೂ ಇದು ಉಪಯೋಗವಾಗುತ್ತದೆ. ಹಾಕುವಾಗ ಸ್ವಾಧೀನವಿಲ್ಲದ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು, ಬಲಗೈಯಿಂದ ಎಡಗೈಯನ್ನು ತೋಳಿನೊಳಗೆ ಭುಜದವರೆಗೆ ಏರಿಸಿ, ಆಮೇಲೆ ಹಿಂದಿನಿಂದ ಸುತ್ತಿಸಿ ಬಲಗೈ ಹಾಕಬೇಕು. ಗುಂಡಿಗಳ ಜಾಗದಲ್ಲಿ ದರ್ಜಿಯಿಂದ ವೆಲ್‌ಕ್ರೋ ಪಟ್ಟಿ ಹೊಲಿಸಿ, ಗುಂಡಿಗಳನ್ನು ಮೇಲೆ ಅಲಂಕಾರಕ್ಕೆ ಉಳಿಸಿಕೊಂಡರು. ನೋಡಿದವರಿಗೆ ಗೊತ್ತಾಗುವುದಿಲ್ಲ. ಅವರಿಗೆ ಅದೂ ಮುಖ್ಯವಾಗಿತ್ತು.

ಸ್ನಾನಕ್ಕೆ ಬಂದಾಗ ಚಿಕಿತ್ಸಕಿ ರೋಗಿಯ ಬದಲು ಬಚ್ಚಲಿನ ಅಳತೆ ಕೇಳಿದರು. ಬಾಗಿಲು ಎಷ್ಟು ಅಗಲ, ಹೊಸ್ತಿಲು ಎಷ್ಟು ಎತ್ತರ, ನಲ್ಲಿ ಯಾವ ಗೋಡೆಗೆ? ಮೊಮ್ಮಗ ಮೊಬೈಲಿನಲ್ಲಿ ಚಿತ್ರ ತೆಗೆದು ತೋರಿಸಿದ. ಪ್ಲಾಸ್ಟಿಕ್ ಕುರ್ಚಿ ಇಡಿ, ಅದರ ಕಾಲುಗಳು ಜಾರದಂತೆ ಅಡಿಯಲ್ಲಿ ರಬ್ಬರ್ ಚಾಪೆ ಹಾಸಿ, ಬಲಗಡೆಯ ಗೋಡೆಗೆ ಹಿಡಿಕಂಬಿ ಹಾಕಿಸಿ, ಬಕೆಟ್ಟನ್ನು ನೆಲದ ಮೇಲಲ್ಲ, ಮೊಣಕಾಲೆತ್ತರದ ಸ್ಟೂಲಿನ ಮೇಲೆ ಬಲಗಡೆಗಿಡಿ ಎಂದರು. ನೀರಿನ ಬಿಸಿಯನ್ನು ಯಾವಾಗಲೂ ಬಲಗೈಯಿಂದಲೇ ನೋಡಬೇಕೆಂದು ಎರಡು ಸಲ ಹೇಳಿದರು. ಸ್ಪರ್ಶಜ್ಞಾನ ಕಡಿಮೆಯಾದ ಎಡಗೈಗೆ ಸುಡುವ ನೀರೂ ಬೆಚ್ಚಗೆ ಅನ್ನಿಸಬಹುದು. ಹಾಗೆ ಬೊಬ್ಬೆ ಎಬ್ಬಿಸಿಕೊಂಡು ಬಂದವರನ್ನು ನಾನು ಕಂಡಿದ್ದೇನೆ.

ಮೂರು ತಿಂಗಳ ನಂತರ ಬಂದರು. ಎಡಗೈಯ ಬೆರಳುಗಳು ಹೆಚ್ಚೇನೂ ಚುರುಕಾಗಿರಲಿಲ್ಲ. ಅದು ಮರಳುವ ಸಂಭವವೂ ಕಡಿಮೆ ಎಂದು ಅವರಿಗೂ ಹೇಳಿದ್ದೇನೆ. ಆದರೆ ಸ್ನಾನ ಅವರದೇ. ಬಾಗಿಲ ಹೊರಗೆ ಒಬ್ಬರು ನಿಂತಿರಬೇಕು, ಬೆನ್ನುಜ್ಜಲು ಮೊಮ್ಮಗ ಬೇಕು. ಎರಡೂ ಕೆನ್ನೆ ನುಣ್ಣಗಿದ್ದವು.

ಯಾರೆಲ್ಲ ಕೇಳಬೇಕು?

ಪಾರ್ಶ್ವವಾಯು ಒಂದೇ ಅಲ್ಲ. ಕೈಯ ಸ್ನಾಯುರಜ್ಜು ಕತ್ತರಿಸಿ ಹೊಲಿಸಿಕೊಂಡವರಿಗೆ ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಈ ಚಿಕಿತ್ಸಕರ ಕೈ ಬೇಕು. ಹೊಲಿಗೆ ಬಿಚ್ಚಿದ ಮೇಲೆ ನೋಡೋಣ ಎಂದು ಕಾದರೆ ರಜ್ಜು ಸುತ್ತಲಿನ ಮಾಂಸಕ್ಕೆ ಅಂಟಿಕೊಂಡು ಬೆರಳು ಮಡಿಸದಂತಾಗುತ್ತದೆ. ನಾವೇ ಆತುರಪಟ್ಟು ಮಡಿಸಿದರೆ ಹೊಲಿಗೆ ಹರಿಯುತ್ತದೆ. ಎಷ್ಟು ಮಡಿಸಬೇಕು, ಎಷ್ಟು ಬಾರದು ಎಂದು ಲೆಕ್ಕಹಾಕಿ ಅದಕ್ಕೆ ತಕ್ಕ ಸ್ಪ್ಲಿಂಟ್ ಅಚ್ಚುಹಾಕಿ ಕೊಡುವುದು ಅವರ ಕಲೆ. ಸುಟ್ಟಗಾಯ ಮಾಯುವಾಗ ಚರ್ಮ ಎಳೆದುಕೊಂಡು ಕುತ್ತಿಗೆ, ಕಂಕುಳು, ಬೆರಳು ಮುರುಟುವುದನ್ನು ತಡೆಯಲು ಸ್ಪ್ಲಿಂಟ್ ಜೊತೆಗೆ ಬಿಗಿಯಾದ ಒತ್ತಡದ ಉಡುಪು ಕೊಡುತ್ತಾರೆ. ಅದನ್ನು ಸ್ನಾನದ ಹೊತ್ತು ಬಿಟ್ಟು ಹಗಲೂ ರಾತ್ರಿಯೂ, ತಿಂಗಳುಗಟ್ಟಲೆ ಹಾಕಿಕೊಂಡಿರಬೇಕು. ಸೆಕೆಗೆ ಬಿಚ್ಚಿಟ್ಟುಬಿಟ್ಟರೆ ಫಲ ಸಿಗುವುದಿಲ್ಲ.

ಹಿಮಗಡಿಯಲ್ಲಿ ಶೀತಹುಣ್ಣಾಗಿ ಬೆರಳು ಕಳೆದುಕೊಂಡವರು, ತಲೆಗೆ ಪೆಟ್ಟಾಗಿ ನೆನಪು, ಗಮನ ಕುಂದಿದವರು, ಯುದ್ಧಭೂಮಿಯ ಆಘಾತ ಮನಸ್ಸಿನಿಂದ ಇಳಿಯದೆ ಮನೆಯಲ್ಲಿ ಸುಮ್ಮನೆ ಕುಳಿತುಬಿಟ್ಟವರು ಇವರೆಲ್ಲರಿಗೂ ಇದು ಬೇಕು. ಕೊನೆಯವರನ್ನು ‘ರಿಟೈರ್ ಆದಮೇಲೆ ಸೋಮಾರಿಯಾದ’ ಎಂದು ಮನೆಯವರೇ ಅನ್ನುವುದುಂಟು. ಮಕ್ಕಳ ವಿಷಯ ಬೇರೆಯೇ ಒಂದು ಲೇಖನದಷ್ಟಿದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ ಇರುವ ಮಗುವಿನ ತಂದೆ ಸೇನೆಯಲ್ಲಿದ್ದರೆ, ಮೂರು ವರ್ಷಕ್ಕೊಮ್ಮೆ ವರ್ಗಾವಣೆಯಾದಾಗ ಚಿಕಿತ್ಸೆಯೂ ಅರ್ಧಕ್ಕೆ ನಿಲ್ಲುತ್ತದೆ. ಹೊರಡುವ ಮೊದಲೇ ಹಳೆಯ ಚಿಕಿತ್ಸಕರಿಂದ ಮಗು ಏನು ಕಲಿತಿದೆ, ಮುಂದೇನು ಎಂದು ಬರೆಸಿಕೊಂಡು ಹೊಸ ಊರಿನ ಆಸ್ಪತ್ರೆಗೆ ಒಯ್ಯಿರಿ.

ಸಿಗದಿದ್ದರೆ?

ಸೇನಾ ಆಸ್ಪತ್ರೆಯಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್ ಇಲ್ಲದಿದ್ದರೆ ಹೊರಗೆ ಎಲ್ಲಿಗೆ ಕಳಿಸಬಹುದೆಂದು ಪಾಲಿಕ್ಲಿನಿಕ್ಕಿನಲ್ಲೇ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮಣಿಪಾಲದಲ್ಲಿ ಈ ಸೇವೆಯಿದೆ. ಖಾಸಗಿಯಾಗಿ ಹೋಗುವವರು ಚಿಕಿತ್ಸಕರ ಪದವಿ ಏನೆಂದು ಕೇಳಲು ಸಂಕೋಚಪಡಬೇಡಿ. ಈ ವಿದ್ಯೆಯಲ್ಲೇ ಪದವಿ ಇರಬೇಕು, ಸಾಮಾನ್ಯವಾಗಿ ಬಿ.ಓ.ಟಿ. ಅಥವಾ ಎಂ.ಓ.ಟಿ. ಎಂದು ಬರೆದಿರುತ್ತಾರೆ. ಅಖಿಲ ಭಾರತ ಮಟ್ಟದಲ್ಲಿ ಅವರ ಸಂಘವಿದೆ, ಅದರ ಮೂಲಕವೂ ವಿಚಾರಿಸಬಹುದು. 2021ರ ಕೇಂದ್ರ ಕಾಯ್ದೆಯೊಂದು ಈ ವೃತ್ತಿಯನ್ನು ತನ್ನ ವ್ಯಾಪ್ತಿಗೆ ತಂದಿದೆ. ನಾಲ್ಕು ಯಂತ್ರ ಇಟ್ಟುಕೊಂಡು ಕರೆಂಟು ಕೊಡುವುದನ್ನೇ ಆಕ್ಯುಪೇಶನಲ್ ಥೆರಪಿ ಎನ್ನುವವರಿದ್ದಾರೆ. ಮೊದಲ ಭೇಟಿಯಲ್ಲಿ ನಿಮ್ಮ ಮನೆಯ ಬಗ್ಗೆ, ದಿನಚರಿಯ ಬಗ್ಗೆ ಒಂದು ಪ್ರಶ್ನೆಯೂ ಬರದಿದ್ದರೆ ಬೇರೆಯವರನ್ನು ನೋಡಿ.

ಅಲ್ಲಿಯವರೆಗೆ ಮನೆಯಲ್ಲಿ ಒಂದು ಎಚ್ಚರಿಕೆ: ಸ್ವಾಧೀನವಿಲ್ಲದ ಕೈಯನ್ನು ಹಿಡಿದು ಎಳೆದು ರೋಗಿಯನ್ನು ಎಬ್ಬಿಸಬೇಡಿ. ಸಡಿಲಾದ ಭುಜದ ಕೀಲು ಜಾರುತ್ತದೆ, ಆ ನೋವು ವರ್ಷಗಟ್ಟಲೆ ಉಳಿಯಬಹುದು. ಸೊಂಟದ ಬಳಿ ಹಿಡಿದು ಎಬ್ಬಿಸಿ. ಕುಳಿತಾಗ ಆ ಕೈ ತೂಗಾಡದಂತೆ ದಿಂಬಿನ ಮೇಲಿಡಿ. ಇನ್ನೊಂದು, ಎಲ್ಲವನ್ನೂ ನೀವೇ ಮಾಡಿಬಿಡಬೇಡಿ. ತುತ್ತು ತಡವಾದರೆ ತಡವಾಗಲಿ, ಅವರೇ ಬಾಯಿಗಿಡಲಿ. ತಟ್ಟೆ ಜಾರದಂತೆ ಅಡಿಯಲ್ಲಿ ಒದ್ದೆ ಬಟ್ಟೆ ಹಾಸಿ. ಚಮಚ ಹಿಡಿತಕ್ಕೆ ಸಿಗದಿದ್ದರೆ ಅದರ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ.

ಮೊದಲ ಭೇಟಿಗೆ ಹೋಗುವಾಗ ಡಿಸ್ಚಾರ್ಜ್ ಪತ್ರ, ಸ್ಕ್ಯಾನ್ ವರದಿ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಇ.ಸಿ.ಎಚ್.ಎಸ್. ಕಾರ್ಡು, ಬಚ್ಚಲು ಮತ್ತು ಶೌಚಾಲಯದ ಚಿತ್ರ, ರೋಗಿಯ ಮಾಮೂಲಿ ಅಂಗಿಯೊಂದು, ಅವರು ದಿನಾ ಬಳಸುವ ಚಮಚ ಇಷ್ಟನ್ನು ಒಂದು ಚೀಲದಲ್ಲಿ ಹಾಕಿಕೊಳ್ಳಿ. ಮನೆಯಲ್ಲಿ ಅವರನ್ನು ನಿಜವಾಗಿ ನೋಡಿಕೊಳ್ಳುವವರೇ ಜೊತೆಗೆ ಹೋಗಬೇಕು. ಕಾರು ಓಡಿಸಲು ಬರುವ ಮಗನನ್ನಷ್ಟೇ ಕಳಿಸಿದರೆ ಚಿಕಿತ್ಸಕರು ಕೇಳುವ ಅರ್ಧ ಪ್ರಶ್ನೆಗಳಿಗೆ ಅವನಲ್ಲಿ ಉತ್ತರವಿರುವುದಿಲ್ಲ.